ಬಿದ್ದು ರಟ್ಟೆ ಮುರಿದರೆ: ಮೊದಲ ಗಂಟೆಯಿಂದ ಮುಂದಿನ ವರ್ಷದವರೆಗೆ

ಅಮ್ಮ ಮೆಟ್ಟಿಲಿಂದ ಉರುಳಲಿಲ್ಲ, ಗಾಡಿಯಿಂದ ಬೀಳಲಿಲ್ಲ. ಹಿತ್ತಿಲ ಹೊಸ್ತಿಲು ದಾಟುವಾಗ ಸೀರೆಯಂಚು ಕಾಲಿಗೆ ಸಿಕ್ಕಿತು, ಅಷ್ಟೇ. ಒಣಗಿದ ಬಟ್ಟೆಯ ರಾಶಿ ಎದೆಗವಚಿಕೊಂಡಿದ್ದರಿಂದ ಕೈ ಊರಲು ಆಗಲಿಲ್ಲ. ಎಡ ಭುಜವೇ ನೆಲಕ್ಕೆ ಬಡಿಯಿತು. "ಏನೂ ಆಗಿಲ್ಲ ಕಣೇ, ಸ್ವಲ್ಪ ಎಣ್ಣೆ ಬಿಸಿ ಮಾಡು" ಅಂದರು. ಎರಡು ಗಂಟೆಯ ಮೇಲೆ ಎಕ್ಸ್‌ರೇ ನೋಡಿದರೆ ರಟ್ಟೆಯ ಮೂಳೆ ಭುಜದ ಹತ್ತಿರವೇ ಮುರಿದಿತ್ತು. ಆಗ ಅವರಿಗೆ 71 ವರ್ಷ.

ನಾನು ಡಾಕ್ಟರ್ ಅಲ್ಲ. ಆಮೇಲಿನ ವರ್ಷವಿಡೀ ಮೂಳೆ ಡಾಕ್ಟರು, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದು, ನಾನು ಓದಿದ್ದು, ಮನೆಯಲ್ಲಿ ಎಡವಿ ಕಲಿತದ್ದು, ಇವನ್ನೆಲ್ಲ ಒಂದು ಕಡೆ ಬರೆಯುತ್ತಿದ್ದೇನೆ. ಮುರಿದ ತೋಳು ಹೆಚ್ಚಿನವರಲ್ಲಿ ತಾನೇ ಕೂಡಿಕೊಳ್ಳುತ್ತದೆ. ಅದು ಮುರಿಯಲು ಕಾರಣವಾದ ಕಾಯಿಲೆ ಮಾತ್ರ ತಾನಾಗಿ ಹೋಗುವುದಿಲ್ಲ. ನಾವು ತೋಳಿಗೆ ಗಾಬರಿಪಟ್ಟೆವು, ಕಾಯಿಲೆಯನ್ನು ಐದು ತಿಂಗಳು ಮರೆತೇಬಿಟ್ಟಿದ್ದೆವು. ನೀವು ಹಾಗೆ ಮಾಡಬೇಡಿ.

ಮೊದಲ ಗಂಟೆ

ಬಿದ್ದವರು ಒಂದು ಕೈಯಿಂದ ಇನ್ನೊಂದು ಕೈಯ ಮೊಣಕೈ ಹಿಡಿದು ಎದೆಗೆ ಒತ್ತಿಕೊಂಡು ಕೂತಿದ್ದರೆ, ಕೈ ಎತ್ತಲು ಒಪ್ಪದಿದ್ದರೆ, ಮುರಿದಿದೆ ಎಂದೇ ತಿಳಿಯಿರಿ. "ಎಲ್ಲಿ, ಒಂದು ಸಲ ಎತ್ತಿ ನೋಡಿ" ಎಂದು ಪರೀಕ್ಷೆ ಮಾಡಬೇಡಿ. ಉಳುಕೋ ಮುರಿತವೋ ಎಂದು ಹೇಳುವುದು ಎಕ್ಸ್‌ರೇ ಕೆಲಸ.

ಮೊದಲು ಬಳೆ, ಉಂಗುರ, ವಾಚು ತೆಗೆಯಿರಿ. ಇದನ್ನು ಎಲ್ಲಕ್ಕಿಂತ ಮುಂಚೆ ಹೇಳುತ್ತಿರುವುದಕ್ಕೆ ಕಾರಣವಿದೆ. ಭುಜ ಮುರಿದರೂ ಊತ ಬೆರಳ ತುದಿಯವರೆಗೆ ಇಳಿಯುತ್ತದೆ. ಆಮೇಲೆ ಚಿನ್ನದ ಬಳೆ ಕತ್ತರಿಸಬೇಕಾಗುತ್ತದೆ. ಮುತ್ತೈದೆಯ ಕೈಯಿಂದ ಬಳೆ ತೆಗೆಯುವುದಾ ಎಂದು ಯಾರಾದರೂ ಗೊಣಗಿದರೆ, ಆ ಬಳೆಯನ್ನು ಇನ್ನೊಂದು ಕೈಗೆ ಹಾಕಿ ಬಾಯಿ ಮುಚ್ಚಿಸಿ.

ಕೈಯನ್ನು ಹೇಗಿದೆಯೋ ಹಾಗೇ ಎದೆಗೆ ತಾಗಿಸಿ, ದೊಡ್ಡ ಟವೆಲ್ ಅಥವಾ ಹತ್ತಿಯ ವೇಲನ್ನು ಜೋಲಿಯಂತೆ ಕುತ್ತಿಗೆಗೆ ಕಟ್ಟಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಭುಜದ ಮೇಲೆ 15 ನಿಮಿಷ ಇಡಬಹುದು. ಮಲಗಿಸುವುದಕ್ಕಿಂತ ಒರಗಿಸಿ ಕೂರಿಸಿದರೆ ನೋವು ಕಮ್ಮಿ. ಎಣ್ಣೆ ಹಚ್ಚಿ ನೀವುವುದು ಬೇಡವೇ ಬೇಡ. ಬಿಗಿಯಾದ ನಾಟಿ ಕಟ್ಟು ಹಾಕಿಸಲೂ ಹೋಗಬೇಡಿ. ಹಳ್ಳಿಯಲ್ಲಿ ಹಾಗೆ ಕಟ್ಟಿಸಿಕೊಂಡು ಚೆನ್ನಾದವರು ಇಲ್ಲವೇ ಎಂದು ಕೇಳುತ್ತಾರೆ. ಇದ್ದಾರೆ, ಯಾಕೆಂದರೆ ಈ ಮುರಿತ ಹೆಚ್ಚಿನ ಸಲ ಏನು ಮಾಡಿದರೂ ಕೂಡುತ್ತದೆ. ಆದರೆ ಊದುತ್ತಿರುವ ತೋಳಿಗೆ ಬಿಗಿ ಕಟ್ಟು ಬಿದ್ದರೆ ರಕ್ತ ಹರಿಯುವುದು ನಿಲ್ಲಬಹುದು, ನರ ಸಾಯಬಹುದು. ಕೂಡುವ ಮೂಳೆಗಾಗಿ ಕೈಯನ್ನೇ ಪಣಕ್ಕಿಡುವುದು ಯಾಕೆ?

ತೋಳಿನ ಗಲಾಟೆಯಲ್ಲಿ ಉಳಿದದ್ದು ಮರೆತುಹೋಗುತ್ತದೆ. ತಲೆಗೆ ಪೆಟ್ಟಾಗಿದೆಯಾ? ರಕ್ತ ತೆಳ್ಳಗಾಗುವ ಮಾತ್ರೆ ತಗೊಳ್ಳುವವರಾ? ಸೊಂಟದ ಹತ್ತಿರ ನೋವಿದೆಯಾ, ಕಾಲೂರಲು ಆಗುತ್ತದಾ? ಮುಖ್ಯವಾಗಿ, ಯಾಕೆ ಬಿದ್ದರು? ಎಡವಿ ಬಿದ್ದದ್ದು ಬೇರೆ, ಕಣ್ಣು ಕತ್ತಲೆ ಬಂದು ಬಿದ್ದದ್ದು ಬೇರೆ. ಎರಡನೆಯದಾಗಿದ್ದರೆ ಇ.ಸಿ.ಜಿ., ಸಕ್ಕರೆ, ಬಿ.ಪಿ. ಮೊದಲು ನೋಡಬೇಕು.

ಕೈ ತಣ್ಣಗಾಗಿ ಬಿಳಿಚಿಕೊಂಡರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಬೆರಳು ಅಥವಾ ಮಣಿಕಟ್ಟು ಮೇಲೆತ್ತಲು ಆಗದೆ ಜೋತುಬಿದ್ದರೆ, ಮೂಳೆ ಚರ್ಮ ಹರಿದು ಹೊರಬಂದಿದ್ದರೆ ಕಾಯಲೇಬಾರದು. 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ಕೇಳಬೇಕಾದ್ದು

ಭುಜದ ಒಂದೇ ಕೋನದ ಎಕ್ಸ್‌ರೇ ಸಾಲುವುದಿಲ್ಲ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಸಾಧ್ಯವಾದರೆ ಕಂಕುಳಿನ ಕಡೆಯಿಂದ ಇನ್ನೊಂದು. ರಟ್ಟೆ ಮೂಳೆಯ ಗುಂಡನೆಯ ಮೇಲ್ತುದಿ, ಅಂದರೆ ಗೋಲಿ, ಭುಜದಲ್ಲಿರುವ ತನ್ನ ಗೂಡಿನಿಂದ ಜಾರಿದೆಯೇ ಎನ್ನುವುದು ಮುಂದಿನ ಚಿತ್ರದಲ್ಲಿ ಸರಿಯಾಗಿ ಕಾಣದೆ ಹೋಗಬಹುದು. ತುಂಡುಗಳು ಜಾಸ್ತಿ ಇದ್ದರೆ, ಅಥವಾ ಆಪರೇಷನ್ ಯೋಚನೆ ಇದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ.

ರಟ್ಟೆ ಮೂಳೆಯ ಮೇಲ್ತುದಿಯಲ್ಲಿ ನಾಲ್ಕು ಭಾಗಗಳಿವೆ: ಗೂಡಿನಲ್ಲಿ ತಿರುಗುವ ಗೋಲಿ, ಅದರ ಪಕ್ಕ ಸ್ನಾಯುಗಳು ಹಿಡಿದುಕೊಳ್ಳುವ ಒಂದು ದೊಡ್ಡ ಉಬ್ಬು, ಒಂದು ಚಿಕ್ಕ ಉಬ್ಬು, ಕೆಳಗೆ ಉದ್ದದ ಕೋಲು. ಅಮೆರಿಕದ ಡಾಕ್ಟರ್ ಚಾರ್ಲ್ಸ್ ನೀರ್ 1970ರಲ್ಲಿ ಒಂದು ಲೆಕ್ಕ ಕೊಟ್ಟರು. ಒಂದು ಭಾಗ 1 ಸೆಂ.ಮೀ.ಗಿಂತ ಹೆಚ್ಚು ಸರಿದಿದ್ದರೆ, ಅಥವಾ 45 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಮಾತ್ರ ಅದನ್ನು ಬೇರೆ ತುಂಡು ಎಂದು ಎಣಿಸಬೇಕು. ಡಾಕ್ಟರು "ಟೂ ಪಾರ್ಟ್", "ತ್ರೀ ಪಾರ್ಟ್" ಅನ್ನುವುದು ಈ ಲೆಕ್ಕದಲ್ಲೇ. ಎಕ್ಸ್‌ರೇಯಲ್ಲಿ ಮೂರು ಗೆರೆ ಕಂಡರೂ ಏನೂ ಸರಿದಿಲ್ಲದಿದ್ದರೆ ಅದು "ಒನ್ ಪಾರ್ಟ್". ಅಮ್ಮನದು ಅದೇ. ಹೆಚ್ಚಿನವರದೂ ಅದೇ.

ಎಲ್ಲ ಮನೆಯವರಿಗೂ ಬರುವ ಸಿಟ್ಟು ನನಗೂ ಬಂತು: "ಪ್ಲಾಸ್ಟರ್ ಹಾಕಲೇ ಇಲ್ಲ, ಬರೀ ಒಂದು ಸ್ಲಿಂಗ್ ಕೊಟ್ಟು ಕಳಿಸಿದರು!" ಸ್ಲಿಂಗ್ ಅಂದರೆ ಕುತ್ತಿಗೆಗೆ ಹಾಕುವ ಜೋಲಿ. ಅದು ಸರಿಯಾದ ಚಿಕಿತ್ಸೆಯೇ. ಭುಜದ ಗೋಲಿಯನ್ನು ಪ್ಲಾಸ್ಟರಿನಲ್ಲಿ ಹಿಡಿದಿಡಲು ಆಗುವುದಿಲ್ಲ. ಕೈಯ ಭಾರವೇ ಮೂಳೆಯನ್ನು ಕೆಳಕ್ಕೆಳೆದು ಸಾಲಿಗೆ ತರುತ್ತದೆ. ಸುತ್ತಲಿನ ಸ್ನಾಯುವಿನ ಹೊದಿಕೆ ಅದನ್ನು ಹಿಡಿದಿರುತ್ತದೆ.

ಇನ್ನು ಆಪರೇಷನ್ ವಿಷಯ. ಇಲ್ಲಿ ಸ್ವಲ್ಪ ನಿಧಾನ ಮಾಡಿ. ಬ್ರಿಟನ್ನಿನಲ್ಲಿ ನಡೆದ "ಪ್ರಾಫರ್" ಎಂಬ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. ಮೂಳೆ ಸರಿದಿದ್ದ 250 ರೋಗಿಗಳಲ್ಲಿ ಅರ್ಧ ಜನಕ್ಕೆ ಆಪರೇಷನ್, ಅರ್ಧ ಜನಕ್ಕೆ ಸ್ಲಿಂಗ್. ಎರಡು ವರ್ಷ ಕಳೆದ ಮೇಲೆ ಎರಡೂ ಗುಂಪಿನವರ ಕೈ ಹೆಚ್ಚುಕಮ್ಮಿ ಒಂದೇ ರೀತಿ ಕೆಲಸ ಮಾಡುತ್ತಿತ್ತು. ಐದು ವರ್ಷದ ಮೇಲೆ ನೋಡಿದಾಗಲೂ ಅಷ್ಟೇ. ಹಾಗಂತ ಆಪರೇಷನ್ ಯಾರಿಗೂ ಬೇಡ ಎಂದಲ್ಲ. ಗೋಲಿ ಗೂಡಿನಿಂದ ಜಾರಿದ್ದರೆ, ಗೋಲಿಯೇ ಸೀಳಿದ್ದರೆ, ರಕ್ತನಾಳಕ್ಕೆ ಪೆಟ್ಟಾಗಿದ್ದರೆ, ಮೂಳೆ ಹೊರಬಂದಿದ್ದರೆ, ಕ್ಯಾನ್ಸರ್ ಗಡ್ಡೆಯಿಂದ ಮುರಿದಿದ್ದರೆ ದಾರಿ ಬೇರೆ. ಟೊಳ್ಳು ಮೂಳೆಯಲ್ಲಿ ಸ್ಕ್ರೂ ಸರಿಯಾಗಿ ಕಚ್ಚುವುದಿಲ್ಲ ಎನ್ನುವುದೂ ನೆನಪಿರಲಿ. ಅದಕ್ಕೇ ತುಂಬ ಚೂರಾದ ವಯಸ್ಸಾದವರಲ್ಲಿ ಪ್ಲೇಟ್ ಬದಲು "ರಿವರ್ಸ್" ಕೀಲು ಬದಲಾವಣೆ ಮಾಡುತ್ತಾರೆ. ಅದರಲ್ಲಿ ಗೋಲಿ ಗೂಡಿನ ಕಡೆಗೂ, ಗೂಡು ತೋಳಿನ ಕಡೆಗೂ ಬರುತ್ತದೆ. ಹರಿದ ಚಿಕ್ಕ ಸ್ನಾಯುಗಳ ಬದಲು ಭುಜದ ಹೊರಗಿನ ದಪ್ಪ ಸ್ನಾಯು ಕೈ ಎತ್ತುತ್ತದೆ.

ಆಪರೇಷನ್ ಹೇಳಿದರೆ ಮೂರು ಪ್ರಶ್ನೆ ಕೇಳಿ. ಎಷ್ಟು ಸರಿದಿದೆ? ಮಾಡದಿದ್ದರೆ ಯಾವ ಕೆಲಸ ಮಾಡಲು ಆಗುವುದಿಲ್ಲ? ಮಾಡಿದರೂ ಕೈ ಎಷ್ಟು ಮೇಲೇಳುತ್ತದೆ? ಮೇಲೆ ಹೇಳಿದ ತುರ್ತು ಕಾರಣ ಇಲ್ಲದಿದ್ದರೆ ಕೆಲವು ದಿನ ಯೋಚಿಸಲು, ಇನ್ನೊಬ್ಬ ಡಾಕ್ಟರಿಗೆ ಎಕ್ಸ್‌ರೇ ತೋರಿಸಲು ಸಮಯ ಇರುತ್ತದೆ. ಮೊದಲು ಹೋದ ಆಸ್ಪತ್ರೆಯಲ್ಲಿ ನಮಗೆ ಅದೇ ರಾತ್ರಿ ಪ್ಲೇಟ್ ಹಾಕುವ ಮಾತು ಬಂದಿತ್ತು. ಮಾರನೇ ದಿನ ಬೇರೆಯವರು ನೋಡಿ "ಏನೂ ಬೇಡ" ಅಂದರು.

ಹೊರಡುವ ಮುಂಚೆ ಇನ್ನೊಂದನ್ನು ಗಮನಿಸಿ. ಭುಜದ ಹೊರಬದಿಯಲ್ಲಿ, ಪೊಲೀಸರ ತೋಳಿನ ಬಿಲ್ಲೆ ಇರುವ ಜಾಗದಲ್ಲಿ, ಮುಟ್ಟಿದರೆ ಗೊತ್ತಾಗುತ್ತದಾ? ಅಲ್ಲಿ ಜೋಮು ಇದ್ದರೆ ಕಂಕುಳ ನರಕ್ಕೆ ಪೆಟ್ಟು ಬಿದ್ದಿರಬಹುದು. ಹೆಚ್ಚಿನ ಸಲ ತಿಂಗಳುಗಳಲ್ಲಿ ಸರಿಹೋಗುತ್ತದೆ. ಆದರೆ ಡಾಕ್ಟರು ಅದನ್ನು ಮೊದಲ ದಿನವೇ ಚೀಟಿಯಲ್ಲಿ ಬರೆದಿರಬೇಕು.

ಮೊದಲ ಮೂರು ವಾರ: ಮನೆಯ ಕಷ್ಟ

ಚೀಟಿಯಲ್ಲಿ "ಸ್ಲಿಂಗ್, ನೋವಿನ ಮಾತ್ರೆ, ಎರಡು ವಾರ ಬಿಟ್ಟು ಬನ್ನಿ" ಎಂದಷ್ಟೇ ಇರುತ್ತದೆ. ಆ ಎರಡು ವಾರ ಹೇಗೆ ಬದುಕುವುದು ಎಂದು ಯಾರೂ ಹೇಳುವುದಿಲ್ಲ.

*ಮಲಗುವುದು.* ಚಪ್ಪಟೆಯಾಗಿ ಮಲಗಿದರೆ ಮುರಿದ ತುದಿಗಳು ಅಲುಗಾಡಿ ಜೀವ ಹೋಗುತ್ತದೆ. ಬೆನ್ನ ಹಿಂದೆ ಮೂರು ನಾಲ್ಕು ದಿಂಬು ಇಟ್ಟು ಅರ್ಧ ಕೂತಂತೆ ಒರಗಿಸಿ. ಮೊಣಕೈ ಹಿಂದಕ್ಕೆ ಬೀಳದಂತೆ ರಟ್ಟೆಯ ಕೆಳಗೆ ಒಂದು ಮಡಚಿದ ಬೆಡ್‌ಶೀಟ್ ಕೊಡಿ. ಮಲಗಿದಲ್ಲಿಂದಲೇ ಅವರಿಗೆ ತಮ್ಮ ಮೊಣಕೈ ಕಾಣುತ್ತಿದ್ದರೆ ಜಾಗ ಸರಿಯಿದೆ ಎಂದರ್ಥ. ಅಮ್ಮ ಮೂರು ವಾರ ಅಪ್ಪನ ಹಳೇ ಈಸಿ ಚೇರಿನಲ್ಲೇ ಮಲಗಿದರು. ಅದರಷ್ಟು ಒಳ್ಳೇ ಮಂಚ ಇಲ್ಲ.

*ಬಣ್ಣ.* ಮೂರನೇ ನಾಲ್ಕನೇ ದಿನ ತೋಳು, ಎದೆ, ಕೆಲವೊಮ್ಮೆ ಮುಂಗೈಯವರೆಗೂ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹೆದರಬೇಡಿ. ಮುರಿದ ಜಾಗದ ರಕ್ತ ಕೆಳಗಿಳಿಯುತ್ತಿದೆ. ಆಮೇಲೆ ಹಸಿರು, ಹಳದಿಯಾಗಿ ಮಾಯುತ್ತದೆ.

*ಬಟ್ಟೆ.* ರವಿಕೆ ಆಗುವುದಿಲ್ಲ. ಮುಂದೆ ಜಿಪ್ ಅಥವಾ ಗುಂಡಿ ಇರುವ ಸಡಿಲ ನೈಟಿ ತನ್ನಿ, ಬೇಕಿದ್ದರೆ ಪಕ್ಕದ ಹೊಲಿಗೆ ಬಿಚ್ಚಿ ವೆಲ್ಕ್ರೋ ಹಾಕಿಸಿ. ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ನೋವಿನ ಕೈ ಕೊನೆಗೆ. ಇಷ್ಟು ನೆನಪಿಟ್ಟರೆ ಅರ್ಧ ಕಿರುಚಾಟ ತಪ್ಪುತ್ತದೆ.

*ಸ್ನಾನ.* ಕಂಕುಳು ನಮ್ಮ ಸೆಕೆಯಲ್ಲಿ ಎರಡೇ ದಿನಕ್ಕೆ ಬೆಂದು ಹುಣ್ಣಾಗುತ್ತದೆ. ಗಟ್ಟಿಯಾದ ಸ್ಟೂಲಿನ ಮೇಲೆ ಕೂರಿಸಿ, ಸ್ಲಿಂಗ್ ತೆಗೆದು, ಸೊಂಟದಿಂದ ಮುಂದಕ್ಕೆ ಬಾಗಿಸಿ. ಕೈ ತಾನೇ ಜೋತುಬಿದ್ದು ಕಂಕುಳು ತೆರೆದುಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ತೆಳು ಹತ್ತಿ ಬಟ್ಟೆ ಮಡಚಿ ಇಡಿ. ಕೈ ಎತ್ತಿಸಬೇಡಿ.

*ಊಟ ಮತ್ತು ಕಕ್ಕಸು.* ಇದರ ಬಗ್ಗೆ ಮಾತಾಡಲು ಎಲ್ಲರಿಗೂ ಮುಜುಗರ. ಬಲಗೈ ಮುರಿದರೆ ಊಟ ಕಷ್ಟ: ಎಡಗೈಯಲ್ಲಿ ಉಣ್ಣಲು ಮನಸ್ಸು ಒಪ್ಪದೆ ಕೆಲವರು ಊಟವನ್ನೇ ಕಮ್ಮಿ ಮಾಡುತ್ತಾರೆ. ಚಮಚ ಕೊಡಿ, ಮೆತ್ತಗೆ ಕಲಸಿ ಕೊಡಿ. ಎಡಗೈ ಮುರಿದರೆ ತೊಳೆದುಕೊಳ್ಳುವುದು ಕಷ್ಟ. ಜೆಟ್ ಪೈಪನ್ನು ಬಲಗಡೆಗೆ ಬದಲಾಯಿಸಲು ಪ್ಲಂಬರಿಗೆ ಅರ್ಧ ಗಂಟೆ ಸಾಕು. ಕಕ್ಕಸಿಗೆ ಹೋಗಲು ಮುಜುಗರಪಟ್ಟು ನೀರು ಕುಡಿಯುವುದನ್ನೇ ಬಿಡುವ ಅಜ್ಜಿಯಂದಿರು ಇದ್ದಾರೆ. ಆಮೇಲೆ ತಲೆ ತಿರುಗಿ ಇನ್ನೊಮ್ಮೆ ಬೀಳುತ್ತಾರೆ.

*ನೋವು.* ಮೊದಲ ವಾರ ಪ್ಯಾರಾಸಿಟಮಾಲನ್ನು ನೋವು ಬಂದಾಗ ಅಲ್ಲ, ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಕೊಡುವುದು ಒಳ್ಳೆಯದು. ವಯಸ್ಸಾದವರಿಗೆ ದಿನಕ್ಕೆ ಒಟ್ಟು 3 ಗ್ರಾಂ ದಾಟದಿರಲಿ. ಮೆಡಿಕಲ್ ಶಾಪಿನಿಂದ ಬೇರೆ ನೋವಿನ ಗುಳಿಗೆ ತಂದು ಸೇರಿಸಬೇಡಿ. ಕಿಡ್ನಿ, ಹೊಟ್ಟೆ, ಬಿ.ಪಿ. ಮೂರಕ್ಕೂ ಅವು ಆಗುವುದಿಲ್ಲ. ಗಟ್ಟಿ ನೋವಿನ ಮಾತ್ರೆ ಕೊಟ್ಟಿದ್ದರೆ ಮಲಬದ್ಧತೆ, ತೂಕಡಿಕೆ ಬರುತ್ತದೆ. ಅಂಥ ರಾತ್ರಿ ಅವರನ್ನು ಒಬ್ಬರೇ ಏಳಲು ಬಿಡಬೇಡಿ.

ಮೊದಲ ದಿನದಿಂದಲೇ ಮಾಡಬೇಕಾದ ಕೆಲಸವೂ ಇದೆ: ಬೆರಳು ಮಡಚಿ ಬಿಡಿಸುವುದು, ಮಣಿಕಟ್ಟು ತಿರುಗಿಸುವುದು, ಸ್ಲಿಂಗ್ ತೆಗೆದು ಮೊಣಕೈ ಮಡಚಿ ಚಾಚುವುದು. ಎದ್ದಿರುವಾಗ ಗಂಟೆಗೊಮ್ಮೆ ಹತ್ತು ಸಲ. ಭುಜ ಮುರಿದು ಬೆರಳು ಬಿಗಿಯಾಗಿ ಉಳಿದವರನ್ನು ಫಿಸಿಯೋಥೆರಪಿ ಕೋಣೆಯಲ್ಲಿ ನೋಡಿದ್ದೇನೆ. ಬೆರಳಿಗೆ ಏನೂ ಆಗಿರಲಿಲ್ಲ, ಯಾರೂ ಆಡಿಸಲಿಲ್ಲ ಅಷ್ಟೇ.

ಕೈ ಬಿಗಿಯದಂತೆ ನೋಡಿಕೊಳ್ಳುವುದು

ಈ ಮುರಿತದಲ್ಲಿ ಮೂಳೆ ಕೂಡದೆ ಉಳಿದವರಿಗಿಂತ ಭುಜ ಬಿಗಿದುಕೊಂಡು ಕಷ್ಟಪಡುವವರೇ ಜಾಸ್ತಿ. "ಪೂರ್ತಿ ಕೂಡಲಿ, ಆಮೇಲೆ ಆಡಿಸೋಣ" ಎಂದು ಆರು ವಾರ ಸ್ಲಿಂಗಿನಲ್ಲೇ ಇಟ್ಟರೆ, ಆಮೇಲೆ ಆರು ತಿಂಗಳು ಅಳಬೇಕು. ಸರಿಯದ ಮುರಿತಗಳಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ವಾರದೊಳಗೆ ತೂಗಾಟ ಶುರು ಮಾಡಿಸುತ್ತಾರೆ. ಯಾವ ದಿನದಿಂದ ಎನ್ನುವುದನ್ನು ನಿಮ್ಮ ಡಾಕ್ಟರು ಎಕ್ಸ್‌ರೇ ನೋಡಿ ಹೇಳಬೇಕು. ಆಪರೇಷನ್ ಆದವರ ಲೆಕ್ಕವೇ ಬೇರೆ.

ತೂಗಾಟ ಅಂದರೆ ಇಷ್ಟು. ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ ಮುಂದಕ್ಕೆ ಬಾಗಿ ನಿಲ್ಲಬೇಕು. ನೋವಿನ ಕೈಯನ್ನು ಬಾವಿ ಹಗ್ಗದ ಹಾಗೆ ಸುಮ್ನೆ ಜೋತುಬಿಡಬೇಕು. ಆಮೇಲೆ ಮೈಯನ್ನು ಮೆಲ್ಲಗೆ ತೂಗಬೇಕು. ಕೈ ತಾನಾಗಿ ಹಿಂದೆ ಮುಂದೆ, ಆಮೇಲೆ ಚಿಕ್ಕ ಸುತ್ತು ಹೊಡೆಯುತ್ತದೆ. ಕೈಯ ಶಕ್ತಿ ಹಾಕಬಾರದು. ಬಹಳ ಜನ ಎಡವುವುದು ಇಲ್ಲೇ: ಕೈಯನ್ನು ತಾವೇ ಬೀಸುತ್ತಾರೆ. ಒಂದೆರಡು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಬಾಗಿದರೆ ತಲೆ ತಿರುಗುವವರು ಕುರ್ಚಿಯಲ್ಲಿ ಕೂತು ಪಕ್ಕಕ್ಕೆ ವಾಲಿ ಮಾಡಬಹುದು.

ಮೂರರಿಂದ ಆರನೇ ವಾರದ ನಡುವೆ, ಒಳ್ಳೆಯ ಕೈಯ ಸಹಾಯದಲ್ಲಿ ನೋವಿನ ಕೈ ಏರಿಸುವುದು ಬರುತ್ತದೆ. ಇದಕ್ಕೆ ಸಾಮಾನು ಬೇಡ. ಊಟದ ಮೇಜಿನ ಮೇಲೆ ಒರೆಸುವ ಬಟ್ಟೆ ಹಾಕಿ ಎರಡೂ ಕೈ ಇಟ್ಟು ಮುಂದಕ್ಕೆ ಜಾರಿಸುವುದು. ಮಲಗಿಕೊಂಡು ಎರಡೂ ಕೈಯಲ್ಲಿ ಕೋಲು ಹಿಡಿದು ತಲೆಯ ಕಡೆಗೆ ಎತ್ತುವುದು. ಮೊಣಕೈ ಪಕ್ಕೆಗೆ ಅಂಟಿಸಿ, ಅದೇ ಕೋಲಿನಿಂದ ಮುಂಗೈಯನ್ನು ಹೊರಕ್ಕೆ ತಳ್ಳುವುದು. ಈ ಕೊನೆಯದನ್ನು ಬಿಡಬೇಡಿ, ಬೇಸರ ಬರಿಸುವಂಥದ್ದಾದರೂ. ತಲೆ ಬಾಚಲು ಬೇಕಾದ ತಿರುವು ಅದೇ.

ಆಮೇಲೆ ಗೋಡೆ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಸಾಲಿನ ಹಾಗೆ ಮೇಲೆ ಹತ್ತಿಸುವುದು. ತಲುಪಿದ ಕಡೆ ಸೀಮೆಸುಣ್ಣದಲ್ಲಿ ಗುರುತು, ಪಕ್ಕದಲ್ಲಿ ತಾರೀಖು. ನಮ್ಮ ಹಜಾರದ ಗೋಡೆಯಲ್ಲಿ ಮಗು ಬೆಳೆದ ಗುರುತುಗಳ ಪಕ್ಕ ಅಮ್ಮನ ಗುರುತುಗಳೂ ಇವೆ. ಬಾಗಿಲ ಮೇಲೆ ರಾಟೆ ಕಟ್ಟಿ ಹಗ್ಗ ಎಳೆಯುವುದನ್ನೂ ಹೇಳಿಕೊಡುತ್ತಾರೆ.

ನೋವನ್ನು ಹೇಗೆ ಅಳೆಯುವುದು? ವ್ಯಾಯಾಮ ಮಾಡುವಾಗ ಎಳೆತ, ಸಹಿಸಬಹುದಾದ ನೋವು ಇದ್ದೇ ಇರುತ್ತದೆ. ಅರ್ಧ ಗಂಟೆಯಲ್ಲಿ ಅದು ತಗ್ಗಬೇಕು. ರಾತ್ರಿಯೆಲ್ಲ ನಿದ್ದೆ ಕೆಡಿಸಿದರೆ ಮಾರನೇ ದಿನ ಕಮ್ಮಿ ಮಾಡಿ, ಆದರೆ ಪೂರ್ತಿ ನಿಲ್ಲಿಸಬೇಡಿ. ಮನೆಯವರು ಕೈ ಹಿಡಿದು ಬಲವಂತವಾಗಿ ಎತ್ತುವುದು ಮಾತ್ರ ಎಂದೂ ಬೇಡ. ಹಾಗೇ ಈ ಕೈ ಊರಿ ಕುರ್ಚಿಯಿಂದ ಏಳುವುದು, ಕೊಡ ಎತ್ತುವುದು, ಕುಕ್ಕರ್ ಇಳಿಸುವುದು ಮೂರು ತಿಂಗಳು ನಿಷಿದ್ಧ. ರಬ್ಬರ್ ಪಟ್ಟಿ ಎಳೆಯುವ, ಭಾರ ಹಿಡಿಯುವ ವ್ಯಾಯಾಮ ಸುಮಾರು 10–12 ವಾರದ ಮೇಲೆ.

ಎಷ್ಟು ಚೇತರಿಕೆ ಸಿಗುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಮೂರು ನಾಲ್ಕು ತಿಂಗಳಿಗೆ ತಿಂಡಿ, ಊಟ, ಸ್ನಾನ, ಅಡುಗೆ ನಡೆಯುತ್ತದೆ. ಒಂದು ವರ್ಷದವರೆಗೂ ನಿಧಾನವಾಗಿ ಸುಧಾರಿಸುತ್ತಲೇ ಇರುತ್ತದೆ. ಆದರೆ ಅಟ್ಟದ ಡಬ್ಬಿ ತೆಗೆಯುವುದು, ಬೆನ್ನ ಹಿಂದೆ ಕೈ ಹಾಕುವುದು, ಜಡೆ ಹೆಣೆದುಕೊಳ್ಳುವುದು ಹಲವರಿಗೆ ಮೊದಲಿನಂತೆ ಆಗುವುದಿಲ್ಲ. ಅಮ್ಮ ಈಗ ಜಡೆ ಬಿಟ್ಟು ತುರುಬು ಹಾಕುತ್ತಾರೆ, ಅದೂ ತಲೆ ಬಗ್ಗಿಸಿ.

ಈಗ ಅಸಲು ವಿಷಯ: ಮೂಳೆ ಯಾಕೆ ಮುರಿಯಿತು?

ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ಮೂಳೆ ಮುರಿಯಬಾರದು. ಮುರಿದರೆ ಮೂಳೆ ಟೊಳ್ಳಾಗಿದೆ ಎಂದೇ ಅನುಮಾನ ಪಡಬೇಕು. ಆಸ್ಟಿಯೋಪೊರೋಸಿಸ್ ಅನ್ನುವುದು ಇದಕ್ಕೇ. ನಮ್ಮಲ್ಲಿ ಇದನ್ನೂ "ಮೂಳೆ ಸವೆತ" ಅನ್ನುತ್ತಾರೆ, ಮಂಡಿ ನೋವನ್ನೂ "ಮೂಳೆ ಸವೆತ" ಅನ್ನುತ್ತಾರೆ. ಎರಡೂ ಬೇರೆ ಬೇರೆ. ಮಂಡಿಯದು ಕೀಲಿನ ಮೆತ್ತೆ ಸವೆಯುವುದು, ಅದು ನೋಯುತ್ತದೆ. ಟೊಳ್ಳು ಮೂಳೆ ನೋಯುವುದೇ ಇಲ್ಲ. ಗೆದ್ದಲು ತಿಂದ ತೊಲೆಯ ಹಾಗೆ, ಹೊರಗಿಂದ ಚೆನ್ನಾಗೇ ಕಾಣುತ್ತದೆ, ಭಾರ ಬಿದ್ದ ದಿನ ಮುರಿಯುತ್ತದೆ.

ಭುಜದ ಮುರಿತವನ್ನು ಹಗುರವಾಗಿ ತಗೊಳ್ಳಬಾರದು ಎನ್ನುವುದಕ್ಕೆ ಬಲವಾದ ಕಾರಣವಿದೆ. ಅಮೆರಿಕದಲ್ಲಿ 65 ದಾಟಿದ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ರಟ್ಟೆ ಮೂಳೆ ಮುರಿದವರಿಗೆ ಮೊದಲ ಒಂದು ವರ್ಷದಲ್ಲಿ ಸೊಂಟ ಮುರಿಯುವ ಅಪಾಯ ಉಳಿದವರಿಗಿಂತ ಐದು ಪಟ್ಟಿಗೂ ಜಾಸ್ತಿ ಇತ್ತು. ಸೊಂಟ ಮುರಿದರೆ ಸ್ಲಿಂಗಿನಲ್ಲಿ ಮುಗಿಯುವುದಿಲ್ಲ, ಆಪರೇಷನ್ನೇ ಆಗಬೇಕು. ಎಷ್ಟೋ ಹಿರಿಯರು ಅದರಿಂದ ಮೇಲೇಳುವುದೇ ಇಲ್ಲ. ಅಂದರೆ ಮೂಳೆಯ ಚಿಕಿತ್ಸೆಯನ್ನು ಮುಂದಕ್ಕೆ ಹಾಕಲು ಇರುವ ಅತಿ ಕೆಟ್ಟ ಸಮಯ ಈ ಮೊದಲ ವರ್ಷವೇ. ನಾವು ಅದರಲ್ಲಿ ಐದು ತಿಂಗಳು ಕಳೆದೆವು. ಯಾರೂ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ತೋಳಿನ ಡಾಕ್ಟರು ತೋಳು ನೋಡಿದರು, ಬಿ.ಪಿ. ಡಾಕ್ಟರು ಬಿ.ಪಿ. ನೋಡಿದರು. ಹಾಗಾಗಿ ಎರಡನೇ ಭೇಟಿಯಲ್ಲೇ ನೀವೇ ಬಾಯಿ ಬಿಟ್ಟು ಕೇಳಿ: "ಮೂಳೆ ಗಟ್ಟಿಯಾಗಲು ಏನು ಕೊಡುತ್ತೀರಿ?"

ಪರೀಕ್ಷೆಯ ಹೆಸರು ಡೆಕ್ಸಾ. ಸೊಂಟ ಮತ್ತು ಬೆನ್ನುಮೂಳೆಯನ್ನು ಅಳೆಯುತ್ತದೆ, ನೋವಿಲ್ಲ, ಬೇಗ ಮುಗಿಯುತ್ತದೆ. ಬರುವ ಅಂಕಿಗೆ ಟಿ ಸ್ಕೋರ್ ಅನ್ನುತ್ತಾರೆ. ಮೈನಸ್ 1ರವರೆಗೆ ಸರಿ. ಮೈನಸ್ 1ರಿಂದ 2.5ರ ನಡುವೆ ಮೂಳೆ ತೆಳು. ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಆಸ್ಟಿಯೋಪೊರೋಸಿಸ್. ಆದರೆ ಅಮ್ಮನಂತೆ ಸುಮ್ನೆ ಬಿದ್ದು ಭುಜ ಮುರಿದವರಿಗೆ, ಅಂಕಿ ಮಧ್ಯದಲ್ಲೇ ಇದ್ದರೂ, ಚಿಕಿತ್ಸೆ ಕೊಡುವುದೇ ವಾಡಿಕೆ. "ಬರೀ ಮೈನಸ್ 2.1, ಇನ್ನೂ ಕಾಯಿಲೆ ಬಂದಿಲ್ಲ" ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಕ್ಯಾಂಪುಗಳಲ್ಲಿ ಹಿಮ್ಮಡಿ ಇಟ್ಟು ಮಾಡುವ ಪರೀಕ್ಷೆಯನ್ನೇ ನಂಬಿ ಮಾತ್ರೆ ಶುರು ಮಾಡುವುದೂ ಬೇಡ. ಅದು ಅನುಮಾನ ಹುಟ್ಟಿಸಲು ಸಾಕು, ತೀರ್ಮಾನಕ್ಕೆ ಸಾಲದು.

ಜೊತೆಗೆ ರಕ್ತ ಪರೀಕ್ಷೆ ಬೇಕು: ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿಯ ಕ್ರಿಯಾಟಿನಿನ್, ಥೈರಾಯ್ಡ್, ಅಗತ್ಯ ಕಂಡರೆ ಪ್ಯಾರಾಥೈರಾಯ್ಡ್. ಮೂಳೆ ಮಜ್ಜೆಯ ಕ್ಯಾನ್ಸರ್ ಕೂಡ ಹೀಗೇ ಮೂಳೆ ಮುರಿಸಬಹುದು, ಅದನ್ನೂ ತಳ್ಳಿಹಾಕಬೇಕು. ಎತ್ತರ ಅಳೆಸಿ. ಹರೆಯಕ್ಕಿಂತ ನಾಲ್ಕು ಸೆಂ.ಮೀ. ಕುಗ್ಗಿದ್ದರೆ, ಬೆನ್ನು ಗೂನಾಗಿದ್ದರೆ, ಬೆನ್ನುಮೂಳೆ ಗೊತ್ತಿಲ್ಲದೇ ಜಜ್ಜಿರಬಹುದು.

ಡಾಕ್ಟರಿಗೆ ನೀವಾಗಿಯೇ ಹೇಳಬೇಕಾದ್ದು: ಆಸ್ತಮಾ, ಸಂಧಿವಾತಕ್ಕೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ತಗೊಂಡಿದ್ದರೆ, ಮುಟ್ಟು 45ಕ್ಕೂ ಮೊದಲೇ ನಿಂತಿದ್ದರೆ, ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದ್ದರೆ, ಫಿಟ್ಸ್ ಮಾತ್ರೆ ಇದ್ದರೆ, ಅಮ್ಮ ಅಥವಾ ಅಪ್ಪನಿಗೆ ಸೊಂಟ ಮುರಿದಿದ್ದರೆ. ಬೀಡಿ, ಸಿಗರೇಟು, ಕುಡಿತ ಕೂಡ. ಗಂಡಸರಿಗೂ ಈ ಕಾಯಿಲೆ ಬರುತ್ತದೆ, ಅವರನ್ನು ಯಾರೂ ಪರೀಕ್ಷೆ ಮಾಡಿಸುವುದಿಲ್ಲ ಅಷ್ಟೇ.

ಔಷಧಿ

ಕ್ಯಾಲ್ಸಿಯಂ ಮಾತ್ರೆ ಈ ಕಾಯಿಲೆಗೆ ಚಿಕಿತ್ಸೆ ಅಲ್ಲ. ಅದು ಗಾರೆ ಕೆಲಸಕ್ಕೆ ಸಿಮೆಂಟ್ ತಂದು ಹಾಕಿದ ಹಾಗೆ. ಗೋಡೆ ಕಟ್ಟಲು, ಬೀಳುವುದನ್ನು ತಡೆಯಲು ಬೇರೆ ಔಷಧಿ ಬೇಕು. ಯಾವುದು ಎಂದು ಡಾಕ್ಟರು ನಿರ್ಧರಿಸುತ್ತಾರೆ, ಹೇಗೆ ತಗೊಳ್ಳಬೇಕು ಎನ್ನುವುದು ನಿಮ್ಮ ಕೈಯಲ್ಲಿದೆ.

ಅಲೆಂಡ್ರೋನೇಟ್ 70 ಮಿ.ಗ್ರಾಂ. ವಾರಕ್ಕೊಮ್ಮೆ ನುಂಗುವ ಮಾತ್ರೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ. ಆಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಕಾಫಿ ಕೂಡ ಕುಡಿಯಬಾರದು! ಕಾಫಿಯ ಜೊತೆ ನುಂಗಿದರೆ ಮಾತ್ರೆ ಮೈಗೆ ಹತ್ತುವುದೇ ಕಮ್ಮಿ. ಮಲಗಿದರೆ ಅನ್ನನಾಳ ಸುಡುತ್ತದೆ. ಬೆಳಗಿನ ಕಾಫಿ ಅರ್ಧ ಗಂಟೆ ತಡವಾಗುವುದು ಅಮ್ಮನಿಗೆ ಮುರಿತಕ್ಕಿಂತ ದೊಡ್ಡ ಕಷ್ಟವಾಗಿ ಕಂಡಿತು.

ಅದಕ್ಕೇ ನಮ್ಮ ಡಾಕ್ಟರು ಜೊಲೆಡ್ರೋನಿಕ್ ಆಸಿಡ್ ಕೊಟ್ಟರು. 5 ಮಿ.ಗ್ರಾಂ., ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ. ಮುಂಚೆ ಕಿಡ್ನಿ ಮತ್ತು ವಿಟಮಿನ್ ಡಿ ಸರಿಯಿದೆಯೇ ನೋಡಬೇಕು, ಚೆನ್ನಾಗಿ ನೀರು ಕುಡಿದು ಹೋಗಬೇಕು. ಮಾರನೇ ದಿನ ಜ್ವರ, ಮೈಕೈ ನೋವು ಬಂದು ಎರಡು ಮೂರು ದಿನದಲ್ಲಿ ಹೋಗುವುದು ಸಾಮಾನ್ಯ. ಗೊತ್ತಿಲ್ಲದವರು ಗಾಬರಿಯಾಗಿ ಅಡ್ಮಿಟ್ ಮಾಡುತ್ತಾರೆ.

ಡೆನೊಸುಮಾಬ್ ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ 60 ಮಿ.ಗ್ರಾಂ. ಇಂಜೆಕ್ಷನ್. ಇದನ್ನು ಮಧ್ಯದಲ್ಲಿ ಸುಮ್ನೆ ಬಿಡುವಂತಿಲ್ಲ. ಬಿಟ್ಟರೆ ಉಳಿಸಿದ ಮೂಳೆ ಬೇಗ ಕರಗಿ ಬೆನ್ನುಮೂಳೆಗಳು ಸಾಲಾಗಿ ಮುರಿಯಬಹುದು. ಶುರು ಮಾಡುವ ದಿನವೇ ಗೋಡೆ ಕ್ಯಾಲೆಂಡರಿನಲ್ಲಿ ಮುಂದಿನ ತಾರೀಖಿಗೆ ಸುತ್ತು ಹಾಕಿ. ಮೂಳೆ ತುಂಬಾ ಕೆಟ್ಟಿರುವವರಿಗೆ ಟೆರಿಪ್ಯಾರಟೈಡ್ ಎಂಬ ದಿನಾ ಚುಚ್ಚಿಕೊಳ್ಳುವ ಪೆನ್ ಇದೆ, ಸಾಮಾನ್ಯವಾಗಿ ಎರಡು ವರ್ಷದವರೆಗೆ. ಅದು ಮುಗಿದ ಮೇಲೆ ಮೇಲಿನ ಔಷಧಿಗಳಲ್ಲಿ ಒಂದನ್ನು ಮುಂದುವರಿಸಲೇಬೇಕು.

ಈ ಔಷಧಿ ಮುರಿದ ಮೂಳೆ ಕೂಡುವುದನ್ನು ತಡೆಯುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಇದುವರೆಗಿನ ಅಧ್ಯಯನಗಳಲ್ಲಿ ಹಾಗೆ ಗಮನಾರ್ಹ ತಡ ಕಂಡಿಲ್ಲ. ದವಡೆ ಮೂಳೆಯ ತೊಂದರೆ ಇದೆ, ಆದರೆ ಅಪರೂಪ. ಹಲ್ಲು ಕೀಳಿಸುವುದಿದ್ದರೆ ಶುರು ಮಾಡುವ ಮುಂಚೆಯೇ ಮುಗಿಸಿ. ವರ್ಷಗಳ ನಂತರ ತೊಡೆಯಲ್ಲಿ ಹೊಸ ನೋವು ಬಂದರೆ ತಕ್ಷಣ ತೋರಿಸಿ.

ವಿಟಮಿನ್ ಡಿ ಬಗ್ಗೆ ಒಂದು ಎಚ್ಚರಿಕೆ. 60,000 ಯೂನಿಟ್ಟಿನ ಪುಡಿ ಅಥವಾ ಗುಳಿಗೆ ಸಾಮಾನ್ಯವಾಗಿ ವಾರಕ್ಕೊಂದು, ಕೆಲವು ವಾರ ಮಾತ್ರ. ಚೀಟಿ ಸರಿಯಾಗಿ ಓದದೆ ದಿನಾ ತಗೊಂಡು ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದವರಿದ್ದಾರೆ. ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆ ಕೊಡಿ. ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ.

ತಟ್ಟೆಯಲ್ಲಿ

ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1,200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2020ರಲ್ಲಿ ಹೇಳಿದೆ. ನಮ್ಮ ಅದೃಷ್ಟಕ್ಕೆ ರಾಗಿ ಇದೆ: 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ. ಒಂದು ಮುದ್ದೆ, ಎರಡು ಲೋಟ ಹಾಲು ಅಥವಾ ಮೊಸರು, ನುಗ್ಗೆ ಸೊಪ್ಪು, ಒಂದು ಚಮಚ ಹುರಿದ ಎಳ್ಳು ಸೇರಿದರೆ ದೊಡ್ಡ ಪಾಲು ಬಂತು. ನಮ್ಮ ಊಟದಲ್ಲಿ ನಿಜಕ್ಕೂ ಕಮ್ಮಿ ಬೀಳುವುದು ಪ್ರೋಟೀನ್. ವಯಸ್ಸಾದವರು ರಾತ್ರಿ ಬರೀ ಗಂಜಿ ಕುಡಿದು ಮಲಗುತ್ತಾರೆ. ಮೊಟ್ಟೆ, ಮೀನು, ಹುರುಳಿ, ಮೊಳಕೆ ಕಾಳು, ಪನೀರ್, ಯಾವುದಾದರೂ ಸರಿ, ದಿನಕ್ಕೆರಡು ಹೊತ್ತು ಇರಲಿ. ಕಿಡ್ನಿ ತೊಂದರೆ ಇದ್ದವರು ಕೇಳಿಕೊಂಡು ತಿನ್ನಿ.

ಮನೆ ಸುತ್ತ ಒಂದು ಸಲ

ಒಂದು ಸಂಜೆ ದೀಪ ಹಾಕದೆ, ಬರಿಗಾಲಲ್ಲಿ, ಮಂಚದಿಂದ ಬಚ್ಚಲಿನವರೆಗೆ ನೀವೇ ನಡೆದು ನೋಡಿ. ಎಲ್ಲೆಲ್ಲಿ ತಡವರಿಸಿದಿರೋ ಅಲ್ಲೆಲ್ಲ ಕೆಲಸ ಇದೆ. ಜಾರುವ ಕಾಲೊರೆಸು ಎಸೆಯಿರಿ. ಬಚ್ಚಲಲ್ಲಿ, ಕಕ್ಕಸಿನಲ್ಲಿ ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿ. ಟವೆಲ್ ಸ್ಟ್ಯಾಂಡ್ ಹಿಡಿದರೆ ಕಿತ್ತು ಬರುತ್ತದೆ. ರಾತ್ರಿ ಉರಿಯುವ ಚಿಕ್ಕ ದೀಪ, ಹಿಂದೆ ಪಟ್ಟಿ ಇರುವ ಚಪ್ಪಲಿ, ನೆಲಕ್ಕಿಂತ ಎರಡು ಬೆರಳು ಮೇಲೆ ಉಟ್ಟ ಸೀರೆ. ನಿದ್ದೆ ಮಾತ್ರೆ, ಬಿ.ಪಿ. ಮಾತ್ರೆಗಳನ್ನು ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ. ಎದ್ದು ನಿಂತಾಗ ಬಿ.ಪಿ. ಇಳಿಯುತ್ತದೆಯೇ ನೋಡಲು ಹೇಳಿ. ಕಣ್ಣಿನ ಪೊರೆ ಇದ್ದರೆ ತೆಗೆಸಿ.

ಕಾಲಿಗೂ ವ್ಯಾಯಾಮ ಬೇಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು. ಅಡುಗೆಮನೆಯ ಕಟ್ಟೆ ಹಿಡಿದು ಒಂದು ಕಾಲಲ್ಲಿ ನಿಲ್ಲುವುದು, ಹಾಲು ಉಕ್ಕುವಷ್ಟು ಹೊತ್ತು. ನೆಲಕ್ಕೆ ಬಗ್ಗಿ ಭಾರ ಎತ್ತುವುದು, ಬೆನ್ನು ಗುಂಡಗೆ ಮಾಡಿ ಬಾಗುವ ಆಸನಗಳು ಬೇಡ.

ನಮ್ಮ ಮನೆ ಮುಂಬಾಗಿಲ ಹೊಸ್ತಿಲಿಗೆ ಪ್ರತಿ ಶುಕ್ರವಾರ ಅರಿಶಿನ ಬಳಿಯುತ್ತಾರೆ, ಅದು ದೂರದಿಂದಲೇ ಕಾಣುತ್ತದೆ. ಹಿತ್ತಿಲ ಹೊಸ್ತಿಲಿಗೆ ಯಾರೂ ಏನೂ ಬಳಿದಿರಲಿಲ್ಲ. ಈಗ ಅದಕ್ಕೂ ಬಳಿಯುತ್ತೇವೆ. ಬಗ್ಗುವ ಕೆಲಸ ನನ್ನದು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು, ಎಲ್ಲೆಲ್ಲಿ ಬಿಟ್ಟಿದ್ದೀಯ ಎಂದು ತೋರಿಸುತ್ತಾರೆ, ಎಡಗೈಯಲ್ಲೇ.